ಯಾವ ಧಾರಾವಾಹಿ ನೋಡೋಣ, ಹೇಗೆ ನೋಡೋಣ?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರು ಬಸವನ ಬಾಗೇವಾಡಿಯಲ್ಲಿ ಸೇರಿದ್ದ ಒಂದು ದಿನದ ಕೂಟದಲ್ಲಿ ಆಡಿದ ಮಾತಿನ ಬರಹರೂಪ)



ಬೆಳಿಗ್ಗೆಯಿಂದ ಸಾಲದ ಕಂತು, ಬಡ್ಡಿ, ಬ್ಯಾಂಕಿನ ಲೆಕ್ಕ ಕೇಳಿ ಕೇಳಿ ನಿಮಗೆ ಸಾಕಾಗಿದೆ. ನಾನು ಮಾತಾಡಬೇಕಾದದ್ದೂ ಕಂತಿನ ವಿಷಯವೇ. ಆದರೆ ಇದು ಧಾರಾವಾಹಿಯ ಕಂತು. ಚಹಾದ ಹೊತ್ತಿನಲ್ಲಿ ಇಂಡಿ ಕಡೆಯ ಒಬ್ಬ ಅಕ್ಕ ನನ್ನನ್ನು ಹಿಡಿದು ನಿಲ್ಲಿಸಿದರು. "ಏನ್ರಿ ಅಕ್ಕಾರ, ಧಾರಾವಾಹಿ ನೋಡಬ್ಯಾಡ್ರಿ ಅಂತ ಹೇಳೂದು ಬಿಟ್ಟು, ಯಾವ್ದು ನೋಡ್ರಿ ಅಂತ ಹೇಳಾಕ ಬಂದೀರೇನು?" ಅಂದರು. ಹೌದು, ಅದನ್ನೇ ಹೇಳಲು ಬಂದಿದ್ದೇನೆ. ನೋಡಬೇಡಿ ಎಂದು ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದೇವೆ. ಯಾರೂ ಬಿಟ್ಟಿಲ್ಲ. ನಾನೂ ಬಿಟ್ಟಿಲ್ಲ. ಸಂಜೆ ರೊಟ್ಟಿ ಬಡಿದು, ದನಕ್ಕೆ ಮೇವು ಹಾಕಿ, ಕಾಲು ಚಾಚಿ ಕೂಡುವ ಆ ಒಂದು ತಾಸು ನಮ್ಮದು. ಅದನ್ನೂ ಕಸಿದುಕೊಂಡು ಭಾಷಣ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಧಾರಾವಾಹಿ ಬರೀ ಹೊತ್ತು ಕಳೆಯುವ ಆಟವಲ್ಲ. ಅದು ನಮ್ಮ ಬಾಯಿಗೆ ಮಾತು ಕಲಿಸುತ್ತದೆ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ನನ್ನದೇ ತಪ್ಪಿನಿಂದ ತಿಳಿದದ್ದು.

2006ರ ದೀಪಾವಳಿಗೆ ನಮ್ಮ ಕಾಕಾನ ಮಗಳು ತವರಿಗೆ ಬಂದಿದ್ದಳು. ಮದುವೆಯಾಗಿ ಮೂರು ವರ್ಷ. ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ತಲೆ ಬಾಚುವಾಗ ಕುತ್ತಿಗೆಯ ಹಿಂದೆ ಕಪ್ಪು ಗೆರೆ ಕಂಡೆ. ಏನಿದು ಅಂದೆ. ಬಹಳ ಹೊತ್ತು ಸುಮ್ಮನಿದ್ದು, "ಯಾದಿಯೊಳಗ ಬರೆದ ಎರಡು ತೊಲಿ ಇನ್ನೂ ಬಾಕಿ ಐತಲ್ಲ ಯಕ್ಕಾ" ಅಂದಳು. ಆಗ ನಮ್ಮ ಮನೆಯಲ್ಲಿ ಹೊಸದಾಗಿ ಬಣ್ಣದ ಟೀವಿ ಬಂದಿತ್ತು. ರಾತ್ರಿ ಒಂದು ಧಾರಾವಾಹಿ ತಪ್ಪದೆ ನೋಡುತ್ತಿದ್ದೆವು. ಅದರ ನಾಯಕಿಗೆ ಅತ್ತೆ ಊಟ ಹಾಕುತ್ತಿರಲಿಲ್ಲ, ಗಂಡ ಮಾತಾಡಿಸುತ್ತಿರಲಿಲ್ಲ. ಅವಳು ದೇವರ ಮುಂದೆ ದೀಪ ಹಚ್ಚಿ ಕಣ್ಣೀರು ಒರೆಸಿಕೊಂಡು ಮತ್ತೆ ಅವರಿಗೇ ಬಡಿಸುತ್ತಿದ್ದಳು. ನಾನು ನನ್ನ ತಂಗಿಗೆ ಏನು ಹೇಳಿದೆ ಗೊತ್ತೇ? ಆ ನಾಯಕಿಯ ಹೆಸರು ಹೇಳಿದೆ. "ಆಕಿ ನೋಡವಾ, ಎಷ್ಟ ತಾಳಿಕೊಂಡಾಳ. ನಾಳೆ ಅವರಿಗೂ ತಿಳಿತೈತಿ, ತಾಳು" ಅಂದೆ. ಅವಳು ಹೋದಳು. ಒಂದೂವರೆ ವರ್ಷದ ಮೇಲೆ ಎಡಗೈ ಮುರಿಸಿಕೊಂಡು, ಕಂಕುಳಲ್ಲಿ ಕೂಸು ಎತ್ತಿಕೊಂಡು, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿ ಬಂದಳು.

ಇದರಲ್ಲಿ ನನ್ನನ್ನು ಈಗಲೂ ಚುಚ್ಚುವ ಒಂದು ಮಾತಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ನಾನು ಅವಳ ತಲೆ ಬಾಚುತ್ತಿದ್ದ ಅದೇ ದಿನಗಳಲ್ಲಿ. ನನಗೆ ಅದು ಗೊತ್ತಿರಲಿಲ್ಲ. ನಾನು ನೋಡುತ್ತಿದ್ದ ಧಾರಾವಾಹಿಯ ನಾಯಕಿಗೂ ಗೊತ್ತಿರಲಿಲ್ಲ.

ಆ ತಂಗಿ ಇವತ್ತು ಈ ಸಭೆಯಲ್ಲಿ ಕೂತಿದ್ದಾಳೆ. ಹೆಸರು ಹೇಳಬೇಡ ಅಂದಿದ್ದಾಳೆ, ಕಥೆ ಹೇಳು ಅಂದಿದ್ದಾಳೆ.

ಹಾಗೆಂದು ಕನ್ನಡ ಧಾರಾವಾಹಿಗಳೆಲ್ಲ ಅಳುಮುಂಜಿ ಎಂದು ತಳ್ಳಿಹಾಕಬೇಡಿ. 1998ರಲ್ಲಿ ದೂರದರ್ಶನದಲ್ಲಿ "ಮಾಯಾಮೃಗ" ಬಂತು. ಟಿ.ಎನ್. ಸೀತಾರಾಮ್ ಅವರು ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರ ಜೊತೆ ಸೇರಿ ಮಾಡಿದ್ದು. ಅದರಲ್ಲಿ ಹೆಣ್ಣುಮಕ್ಕಳು ನೌಕರಿಯ ಚಿಂತೆ, ದುಡ್ಡಿನ ಚಿಂತೆ, ಮದುವೆಯ ಚಿಂತೆ ಎಲ್ಲವನ್ನೂ ನಮ್ಮ ಹಾಗೆಯೇ ಮಾತಾಡಿಕೊಳ್ಳುತ್ತಿದ್ದರು. ಮುಂದೆ ಅವರ "ಮುಕ್ತ"ದಲ್ಲಿ ಸಿ.ಎಸ್.ಪಿ. ಎಂಬ ವಕೀಲರ ಪಾತ್ರವನ್ನು ಅವರೇ ಮಾಡಿದರು. ಕೋರ್ಟಿನ ಕಟಕಟೆ ಎಂದರೆ ಏನು, ಪಾಟೀ ಸವಾಲು ಎಂದರೆ ಏನು ಎಂದು ನಮ್ಮ ಅನೇಕ ಹೆಂಗಸರು ಮೊದಲು ಕಂಡದ್ದು ಅಲ್ಲಿ. 2022ರಲ್ಲಿ "ಮತ್ತೆ ಮಾಯಾಮೃಗ" ಎಂದು ಸಿರಿ ಕನ್ನಡದಲ್ಲಿ ಮುಂದಿನ ಪೀಳಿಗೆಯ ಕಥೆಯೂ ಬಂತು. ಹಳೆಯದು ಯೂಟ್ಯೂಬಿನಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ನಿಧಾನ ಅನ್ನಿಸಬಹುದು. ನಿಧಾನವೇ ಅದರ ರುಚಿ.

ಒಳ್ಳೆಯ ವಿಷಯ ಇಟ್ಟುಕೊಂಡು ಹೊರಟು ದಾರಿ ತಪ್ಪಿದವೂ ಉಂಟು. "ಪುಟ್ಟಗೌರಿ ಮದುವೆ" 2012ರ ಕೊನೆಯಲ್ಲಿ ಶುರುವಾದಾಗ ಬಾಲ್ಯವಿವಾಹದ ಮಾತಾಡಿತು. ನಮ್ಮ ಜಿಲ್ಲೆಗೆ ಬೇಕಾದ ಮಾತೇ ಅದು. ಆದರೆ ವರ್ಷಗಟ್ಟಲೆ ಎಳೆದು ಎಳೆದು, ಕಡೆಗೆ ನಾಯಕಿ ಬೆಟ್ಟದಿಂದ ಬಿದ್ದು ಕಾಡಿನಲ್ಲಿ ಎದ್ದು ಕೂತಾಗ ಊರೆಲ್ಲ ಮೊಬೈಲಿನಲ್ಲಿ ನಗೆಚಾಟಿಕೆ ಓಡಾಡಿತು. ಬಾಲ್ಯವಿವಾಹ ಎಲ್ಲೋ ಹಿಂದೆ ಉಳಿಯಿತು.

ಈಚಿನವುಗಳಲ್ಲಿ ಎರಡನ್ನು ಹೇಳುತ್ತೇನೆ. "ಪುಟ್ಟಕ್ಕನ ಮಕ್ಕಳು" 2021ರ ಡಿಸೆಂಬರಿನಲ್ಲಿ ಝೀ ಕನ್ನಡದಲ್ಲಿ ಆರಂಭವಾಯಿತು. ಝೀ5ರಲ್ಲಿ ಬೇಕಾದಾಗ ನೋಡಬಹುದು. ಮೂರೂ ಹೆಣ್ಣಾದವು ಎಂದು ಗಂಡ ಬಿಟ್ಟು ಹೋದ ಮೇಲೆ ಮೆಸ್ಸು ನಡೆಸಿ ಮಕ್ಕಳನ್ನು ಸಾಕುವ ತಾಯಿಯ ಕಥೆ. ಪುಟ್ಟಕ್ಕನಾಗಿ ಉಮಾಶ್ರೀ. ನಮ್ಮ ನೆರೆಯ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ 2013ರಲ್ಲಿ ಗೆದ್ದು ಮಹಿಳಾ ಮತ್ತು ಮಕ್ಕಳ ಕಲ್ಯಾಣ ಮಂತ್ರಿಯಾಗಿದ್ದವರು. ಒಲೆಯ ಮುಂದೆ ಕೂತ ಆ ಹೆಂಗಸಿನ ದಣಿವು ನಟನೆ ಅನ್ನಿಸುವುದೇ ಇಲ್ಲ. ಆದರೆ ಬಿಟ್ಟು ಹೋದ ಗಂಡನ ಮೇಲೆ ಕಥೆ ತೋರಿಸುವ ಮೆದುತನ ನನಗೆ ಹಿಡಿಸಲಿಲ್ಲ.

ಎರಡನೆಯದು "ಭಾಗ್ಯಲಕ್ಷ್ಮಿ", ಕಲರ್ಸ್ ಕನ್ನಡದಲ್ಲಿ 2022ರ ಅಕ್ಟೋಬರಿನಿಂದ ಬಂದದ್ದು. ಜಿಯೋಹಾಟ್‌ಸ್ಟಾರ್‌ನಲ್ಲಿ ಸಿಗುತ್ತದೆ. ಹತ್ತನೇ ತರಗತಿ ಪಾಸಾಗದ ಸೊಸೆ. ಗಂಡನಿಗೆ ಅವಳೆಂದರೆ ಅಸಡ್ಡೆ, ಹೊರಗೆ ಇನ್ನೊಂದು ಸಂಬಂಧ. ಆಕೆ ಮಗಳ ಶಾಲೆಗೇ ಹೋಗಿ ಹತ್ತನೇ ತರಗತಿಗೆ ಕೂಡುತ್ತಾಳೆ. ಇದರಲ್ಲಿ ನನಗೆ ಹಿಡಿಸಿದ್ದು ಅತ್ತೆ. ಕುಸುಮಾ ಎಂಬ ಆ ಅತ್ತೆ ಮಗನ ಪರ ನಿಲ್ಲದೆ ಸೊಸೆಯ ಪರ ನಿಲ್ಲುತ್ತಾಳೆ. ನಮ್ಮ ಸಂಘದಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯಿತು. "ಇಂಥ ಅತ್ತಿ ಎಲ್ಲಿರ್ತಾಳ್ರಿ, ಸುಳ್ಳ" ಅಂದಳೊಬ್ಬಳು. ಅವಳ ಪಕ್ಕದಲ್ಲೇ ಕೂತಿದ್ದ ಅವಳ ಅತ್ತೆ, "ಯಾಕವಾ, ನಿನಗ ಹೆರಿಗಿ ಆದಾಗ ನಿನ್ನ ಗಂಡನ ಕೈಯಾಗಿನ ಬಡಿಗಿ ಕಸಗೊಂಡಾಕಿ ಯಾರು?" ಅಂದರು. ಇಡೀ ಕೋಣೆ ತಣ್ಣಗಾಯಿತು. ಆ ಮನೆಯಲ್ಲಿ ಬಡಿಗೆ ಏಳುತ್ತದೆ ಎಂಬುದು ಹತ್ತು ವರ್ಷ ಒಟ್ಟಿಗೆ ಉಳಿತಾಯ ಕಟ್ಟಿದ ನಮಗ್ಯಾರಿಗೂ ಗೊತ್ತಿರಲಿಲ್ಲ. ಧಾರಾವಾಹಿಯ ಒಂದು ಕಂತಿನ ಮೇಲಿನ ಜಗಳದಿಂದ ಅದು ಹೊರಬಿತ್ತು.

ಮೊಬೈಲಿನ ಸೇವೆಗೇ ಎಂದು ಮಾಡಿದ ಕನ್ನಡದ ಸರಣಿಗಳು ಬಹಳ ಕಡಿಮೆ. "ಏಕಂ" ಎಂಬ ಕರಾವಳಿಯ ಕಥೆಗಳ ಒಳ್ಳೆಯ ಸರಣಿಯನ್ನು ಯಾವ ದೊಡ್ಡ ಸೇವೆಯೂ ಕೊಳ್ಳಲಿಲ್ಲವೆಂದು, ಮಾಡಿದವರು 2024ರಲ್ಲಿ ತಮ್ಮದೇ ತಾಣದಲ್ಲಿ ಬಿಡಬೇಕಾಯಿತು. ತೆಲುಗು, ತಮಿಳು, ಮಲಯಾಳಕ್ಕೆ ಸಿಗುವ ಮರ್ಯಾದೆ ನಮ್ಮ ಭಾಷೆಗೆ ಇಲ್ಲ. ಈ ಮಾತು ಇಲ್ಲಿಗೇ ಬಿಡುತ್ತೇನೆ, ಹಿಡಿದರೆ ಸಂಜೆಯಾದೀತು.

2025ರ ಏಪ್ರಿಲಿನಲ್ಲಿ ಝೀ5ರಲ್ಲಿ "ಅಯ್ಯನ ಮನೆ" ಬಂತು. ರಮೇಶ್ ಇಂದಿರಾ ನಿರ್ದೇಶನ, ಖುಷಿ ರವಿ ನಾಯಕಿ. ಚಿಕ್ಕಮಗಳೂರು ಸೀಮೆಯ ಒಂದು ದೊಡ್ಡ ಮನೆ. ಅಲ್ಲಿ ಸೊಸೆಯರು ಒಬ್ಬರಾದ ಮೇಲೆ ಒಬ್ಬರು ಸಾಯುತ್ತಾರೆ. ಮನೆದೇವರ ಸಿಟ್ಟು ಅನ್ನುತ್ತಾರೆ. ಹೊಸದಾಗಿ ಬಂದ ಸೊಸೆ ಹಾಗೆಂದು ಒಪ್ಪದೆ ಕೇಳತೊಡಗುತ್ತಾಳೆ. ಕೊನೆ ಹೇಳುವುದಿಲ್ಲ. ಚಿಕ್ಕ ಚಿಕ್ಕ ಕಂತುಗಳು, ಎರಡು ಸಂಜೆಯಲ್ಲಿ ಮುಗಿಯುತ್ತದೆ.

ಇದನ್ನು ನೋಡುವಾಗ ನಮ್ಮ ಸಂಘದ ಹಿರಿಯಳೊಬ್ಬಳು, "ನಮ್ಮ ಕಾಲಕ್ಕ ದೇವರ ಹೆಸರೂ ಬೇಕಾಗಿದ್ದಿಲ್ಲ, ಸ್ಟೋವ್ ಸಿಡೀತು ಅಂದ್ರ ಮುಗೀತಿತ್ತು" ಅಂದಳು. ನಮ್ಮಲ್ಲಿ ನಲವತ್ತು ದಾಟಿದವರಿಗೆಲ್ಲ ಈ ಮಾತು ಗೊತ್ತು. ಸ್ಟೋವ್ ಯಾವಾಗಲೂ ಸೊಸೆಯ ಮೇಲೆಯೇ ಯಾಕೆ ಸಿಡಿಯುತ್ತದೆ, ಅತ್ತೆ ಚಹಾ ಕಾಸುವಾಗ ಯಾಕೆ ಸಿಡಿಯುವುದಿಲ್ಲ ಎಂದು ಆ ದಿನಗಳಲ್ಲಿ ಬೀದಿಗೆ ಇಳಿದು ಕೇಳಿದವರು ಮಹಿಳಾ ಚಳವಳಿಯವರು. ಅದರಿಂದಲೇ 1983ರಲ್ಲಿ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಬಂತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕ್ರೌರ್ಯದ ಕಲಂ ಈಗ 85, ವರದಕ್ಷಿಣೆ ಸಾವಿನದು 80. ನಂಬರು ಬದಲಾಗಿದೆ, ತಿರುಳು ಅದೇ. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಸುಟ್ಟೋ, ಗಾಯದಿಂದಲೋ, ಅಸಹಜವಾಗಿಯೋ ಸತ್ತು, ಸಾಯುವ ಮುನ್ನ ವರದಕ್ಷಿಣೆಗಾಗಿ ಕಿರುಕುಳ ಇತ್ತೆಂದು ತೋರಿದರೆ ಅದು ವರದಕ್ಷಿಣೆ ಸಾವು. ಕಡಿಮೆ ಎಂದರೆ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ.

ಇನ್ನು ಹಿಂದಿಯವು. ನಮ್ಮ ಭಾಗದಲ್ಲಿ ಸಂತೆಯಲ್ಲಿ ದಖ್ಖನಿ, ಸೊಲ್ಲಾಪುರದ ಕಡೆಯ ಬೀಗರ ಬಾಯಲ್ಲಿ ಮರಾಠಿ ಕೇಳಿದ ಕಿವಿಗಳಿವೆ. ಹಿಂದಿ ಅರ್ಧಕ್ಕಿಂತ ಹೆಚ್ಚು ತಿಳಿಯುತ್ತದೆ.

ನಾನು ಎಲ್ಲಕ್ಕಿಂತ ಮೊದಲು ನೋಡಿ ಎನ್ನುವುದು "ದಹಾಡ್". ಅಂದರೆ ಗರ್ಜನೆ. ಅಮೆಜಾನ್ ಪ್ರೈಮ್‌ನಲ್ಲಿ 2023ರ ಮೇ ತಿಂಗಳಲ್ಲಿ ಬಂತು, 8 ಕಂತು. ರೀಮಾ ಕಾಗತಿ ಮತ್ತು ಝೋಯಾ ಅಖ್ತರ್ ರೂಪಿಸಿದ್ದು. ರಾಜಸ್ಥಾನದ ಸಣ್ಣ ಊರು, ಸೋನಾಕ್ಷಿ ಸಿನ್ಹಾ ಮಹಿಳಾ ಸಬ್ ಇನ್ಸ್‌ಪೆಕ್ಟರ್. ಬಡವನೊಬ್ಬ ತಂಗಿ ಕಾಣೆಯಾಗಿದ್ದಾಳೆಂದು ಠಾಣೆಗೆ ಬಂದರೆ ಕೇಳುವವರಿಲ್ಲ, ಓಡಿಹೋಗಿರಬೇಕು ಬಿಡು ಎನ್ನುತ್ತಾರೆ. ಅವಳೊಬ್ಬಳು ಬೆನ್ನು ಹತ್ತುತ್ತಾಳೆ. ಒಂದರ ಹಿಂದೆ ಒಂದು ಹೆಣ್ಣುಮಕ್ಕಳ ಹೆಣಗಳು ಸಾರ್ವಜನಿಕ ಶೌಚಾಲಯಗಳಲ್ಲಿ ಸಿಕ್ಕಿದ್ದು ಗೊತ್ತಾಗುತ್ತದೆ. ಕೊಂದವನು ಮರ್ಯಾದಸ್ಥ ಮೇಷ್ಟ್ರು, ಹೆಂಡತಿ ಮಗು ಇರುವವನು.

ಇದನ್ನು ನೋಡುತ್ತಿದ್ದಂತೆ ನನ್ನ ಎದೆ ಝಲ್ಲೆಂದಿತು. ಯಾಕೆಂದರೆ ಇದು ನಮ್ಮ ಕರ್ನಾಟಕದಲ್ಲೇ ನಡೆದದ್ದು. ದಕ್ಷಿಣ ಕನ್ನಡದ ಮೋಹನ್ ಕುಮಾರ್, ಪತ್ರಿಕೆಗಳು "ಸಯನೈಡ್ ಮೋಹನ" ಎಂದು ಕರೆದವನು. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ. 20 ಹೆಣ್ಣುಮಕ್ಕಳನ್ನು ಕೊಂದ ಪ್ರಕರಣ ಅವನ ಮೇಲೆ. ಅವನು ಆರಿಸಿಕೊಳ್ಳುತ್ತಿದ್ದದ್ದು ಬಡ ಮನೆಯ, ವಯಸ್ಸು ಮೀರುತ್ತಿದ್ದ, ವರದಕ್ಷಿಣೆ ಕೊಡಲಾಗದೆ ಮದುವೆ ನಿಂತ ಹೆಣ್ಣುಮಕ್ಕಳನ್ನು. ನನಗೆ ವರದಕ್ಷಿಣೆ ಬೇಡ ಅನ್ನುವುದೇ ಅವನ ಬಲೆ. ಮನೆಯವರಿಗೆ ತಿಳಿಸದೆ, ಇದ್ದ ಬಂಗಾರ ಹಾಕಿಕೊಂಡು ಬಾ ಅನ್ನುತ್ತಿದ್ದ. ದೂರದ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಿಗ್ಗೆ ಒಡವೆ ಕೋಣೆಯಲ್ಲೇ ಬಿಡಿಸಿ, ಬಸ್‌ಸ್ಟ್ಯಾಂಡಿಗೆ ಕರೆದೊಯ್ದು, ಗರ್ಭ ನಿಲ್ಲದ ಗುಳಿಗೆ ಎಂದು ಸಯನೈಡ್ ಕೊಟ್ಟು, ಶೌಚಾಲಯದೊಳಗೆ ಹೋಗಿ ನುಂಗು ಅನ್ನುತ್ತಿದ್ದ. ಅವರು ಒಳಗೆ ಚಿಲಕ ಹಾಕಿಕೊಂಡು ಸಾಯುತ್ತಿದ್ದರು. ಅವನು ಲಾಡ್ಜಿಗೆ ಮರಳಿ ಬಂಗಾರ ತೆಗೆದುಕೊಂಡು ಬಸ್ಸು ಹತ್ತುತ್ತಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಹೆಣ, ಗುರುತು ಸಿಗದ ಹೆಣ, ಆತ್ಮಹತ್ಯೆ ಎಂದು ಊರೂರಲ್ಲಿ ಕಡತ ಮುಚ್ಚುತ್ತಿತ್ತು. ಇತ್ತ ತವರಿನವರು ಮಗಳು ಯಾರ ಜೊತೆಗೋ ಹೋಗಿ ಸುಖವಾಗಿದ್ದಾಳೆ ಎಂದುಕೊಂಡು, ಮರ್ಯಾದೆಗೆ ಅಂಜಿ, ಸುಮ್ಮನಿರುತ್ತಿದ್ದರು. ಬಂಟ್ವಾಳ ತಾಲೂಕಿನ ಒಬ್ಬ ಹೆಣ್ಣುಮಗಳು ಕಾಣೆಯಾದಾಗ ಅವಳ ಕಡೆಯವರು ಪಟ್ಟು ಹಿಡಿದು ಕೇಳಿದ್ದರಿಂದ 2009ರಲ್ಲಿ ಅವನು ಸಿಕ್ಕಿಬಿದ್ದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ಕೊಟ್ಟಿತು. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಸಾಯುವವರೆಗೆ ಸೆರೆವಾಸ ಎಂದು ಬದಲಿಸಿತು. ಒಂದೊಂದೇ ಪ್ರಕರಣದ ತೀರ್ಪು 2020ರವರೆಗೂ ಬರುತ್ತಲೇ ಇತ್ತು.

ಅವರೇನು ಹುಚ್ಚಿಯರೇ, ಯಾಕೆ ಹೋದರು ಎಂದು ಕೇಳುವವರಿದ್ದಾರೆ. ನಾನು ಬೇರೆ ಕೇಳುತ್ತೇನೆ. ಮೂವತ್ತು ವರ್ಷದ ಮಗಳಿಗೆ ದಿನಬೆಳಗಾದರೆ "ನಿನ್ನ ತಂಗಿಯ ದಾರಿಗೆ ಅಡ್ಡ ನಿಂತೀದಿ" ಎಂದು ಕೇಳಿಸಿದವರು ಯಾರು? ಹುಂಡಾ, ವರೋಪಚಾರ, ಯಾದಿ ಎಂದು ಹೆಸರು ಏನೇ ಇಡಿ, ಅದು ಮಗಳನ್ನು ಮನೆಯ ಸಾಲವನ್ನಾಗಿ ಮಾಡುತ್ತದೆ. ಸಾಲ ತೀರಿಸುತ್ತೇನೆ ಎಂದು ಬಂದವನ ಮುಖವನ್ನು ಯಾರೂ ಸರಿಯಾಗಿ ನೋಡುವುದಿಲ್ಲ.

ನಮ್ಮ ಸಂಘದಲ್ಲಿ ದಹಾಡ್ ನೋಡಲು ಎಂಟು ವಾರ ಹಿಡಿಯಿತು. ವಾರದ ಸಭೆ, ಉಳಿತಾಯ ಕಟ್ಟಿದ ಮೇಲೆ ಒಂದು ಕಂತು. ಡಿಗ್ರಿ ಓದುವ ಒಬ್ಬ ಹುಡುಗಿಯ ಮೊಬೈಲನ್ನು ತಂಬಿಗೆಗೆ ಆನಿಸಿ ಇಟ್ಟು, ಹತ್ತು ಮಂದಿ ಸುತ್ತ ಕೂತು. ಆರನೇ ವಾರವೋ ಏನೋ, ಸಭೆ ಮುಗಿದ ಮೇಲೆ ಒಬ್ಬಾಕೆ ಎದ್ದು ಹೋಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತಳು. ಅವಳ ಎರಡನೇ ಮಗಳಿಗೆ ಹೊರರಾಜ್ಯದ ಸಂಬಂಧ ಬಂದಿತ್ತಂತೆ. ಹುಂಡಾ ಬೇಡ, ಮದುವೆ ಖರ್ಚೂ ನಾವೇ ಹಾಕುತ್ತೇವೆ, ಹತ್ತು ದಿನದಲ್ಲಿ ಮುಗಿಸೋಣ ಎಂದು ನಡುವಿನವನು ಹೇಳಿದ್ದನಂತೆ. ದೇವರೇ ಕಣ್ಣು ತೆರೆದ ಎಂದು ಹರಕೆ ಕೂಡ ಹೊತ್ತಿದ್ದಳು. "ಯಕ್ಕಾ, ಅಂವ ಕೆಟ್ಟಾವ ಅಂತ ನಾ ಅನ್ನಾಕತ್ತಿಲ್ಲ. ಆದ್ರ ಒಮ್ಮಿ ಕೇಳೂಣೇನು?" ಅಂದಳು. ನಾವು ನಾಲ್ಕು ಜನ ಹೋದೆವು. ಬಹಳ ಏನೂ ಕೇಳಲಿಲ್ಲ. ಹುಡುಗನ ಆಧಾರ್ ಕಾರ್ಡು, ಅವನ ತಾಯಿಯ ಫೋನ್ ನಂಬರು, ಅವರ ಊರಿಗೆ ನಾವು ಇಬ್ಬರು ಹೆಂಗಸರು ಹೋಗಿ ಮನೆ ನೋಡಿ ಬರುತ್ತೇವೆ, ಇಷ್ಟೇ. ಎರಡು ದಿನದಲ್ಲಿ ಕೊಡುತ್ತೇನೆ ಅಂದ ನಡುವಿನವನು ಮತ್ತೆ ಆ ಊರಿನ ಕಡೆ ಕಾಲಿಡಲಿಲ್ಲ. ಹುಡುಗಿ ಈಗ ಹೊಲಿಗೆ ಕಲಿಯುತ್ತಿದ್ದಾಳೆ. ಹರಕೆ ತೀರಿಸಬೇಕೋ ಬೇಡವೋ ಎಂದು ತಾಯಿಗೆ ಇನ್ನೂ ಅನುಮಾನ.

ಆ ಸರಣಿಯಲ್ಲಿ ಇನ್ನೊಂದು ಎಳೆಯಿದೆ. ಸಬ್ ಇನ್ಸ್‌ಪೆಕ್ಟರ್ ದಲಿತ ಹೆಣ್ಣುಮಗಳು. ಜಾತಿ ಗೊತ್ತಾಗದಿರಲೆಂದು ಅಪ್ಪ ಅಡ್ಡಹೆಸರು ಬದಲಿಸಿರುತ್ತಾನೆ. ಅವಳು ಎದುರಿಗೆ ಹಾದುಹೋದರೆ ಠಾಣೆಯಲ್ಲಿ ಒಬ್ಬ ಪೇದೆ ಊದುಬತ್ತಿ ಹಚ್ಚುತ್ತಾನೆ. ಮನೆಗೆ ಬಂದರೆ ತಾಯಿ ಗಂಡುಗಳ ಫೋಟೋ ಹಿಡಿದು ನಿಂತಿರುತ್ತಾಳೆ. ಯೂನಿಫಾರ್ಮು ಹಾಕಿದರೂ ಹೆಣ್ಣಿಗೆ ಮದುವೆಯ ಕಾಟ ತಪ್ಪಿದ್ದಲ್ಲ ನೋಡಿ.

ನಗಬೇಕೆಂದರೆ "ಪಂಚಾಯತ್" ನೋಡಿ. ಇದೂ ಪ್ರೈಮ್‌ನದೇ, 2020ರಲ್ಲಿ ಶುರುವಾಗಿ 2025ರಲ್ಲಿ ನಾಲ್ಕನೇ ಸರಣಿ ಬಂತು. ಫುಲೇರಾ ಎಂಬ ಹಳ್ಳಿ. ಪ್ರಧಾನಿಯಾಗಿ, ಅಂದರೆ ನಮ್ಮ ಲೆಕ್ಕದಲ್ಲಿ ಗ್ರಾಮ ಪಂಚಾಯತಿ ಅಧ್ಯಕ್ಷೆಯಾಗಿ, ಗೆದ್ದವಳು ಮಂಜುದೇವಿ. ನೀನಾ ಗುಪ್ತಾ ಮಾಡಿದ್ದಾರೆ. ಕುರ್ಚಿಯಲ್ಲಿ ಕೂಡುವವನು ಅವಳ ಗಂಡ. ಮೊದಲ ಸರಣಿಯ ಕೊನೆಯ ಕಂತಿನಲ್ಲಿ ಗಣರಾಜ್ಯೋತ್ಸವಕ್ಕೆ ಆಕೆ ರಾಷ್ಟ್ರಗೀತೆ ಬಾಯಿಪಾಠ ಮಾಡುವ ದೃಶ್ಯ ನೋಡಿದಾಗ, ಇಲ್ಲಿರುವ ಮಾಜಿ ಸದಸ್ಯೆಯರು ಯಾರೆಂದು ನಾನು ಹೇಳುವುದಿಲ್ಲ, ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡರು. ನಮ್ಮ ರಾಜ್ಯದಲ್ಲಿ 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲೇ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಇತ್ತು. 2010ರಲ್ಲಿ ಅದನ್ನು 50ಕ್ಕೆ ಏರಿಸಿದರು. ಇಷ್ಟಾದರೂ ಸಹಿ ನಮ್ಮದು, ಪೆನ್ನು ಅವರ ಜೇಬಿನಲ್ಲಿ.

ಅದೇ ಮೊದಲ ಸರಣಿಯಲ್ಲಿ ಒಂದು ಮದುವೆಯ ಕಂತಿದೆ. ಪಂಚಾಯತಿ ಕಚೇರಿಯಲ್ಲಿ ಬೀಗರನ್ನು ಇಳಿಸಿರುತ್ತಾರೆ. ಕಾರ್ಯದರ್ಶಿ ತನ್ನ ಸ್ವಂತ ದುಡ್ಡಿನಲ್ಲಿ ಕೊಂಡ ಗಾಲಿಯಿರುವ ತಿರುಗೋ ಕುರ್ಚಿಯ ಮೇಲೆ ವರಮಹಾಶಯನ ಕಣ್ಣು ಬೀಳುತ್ತದೆ. ಅದೇ ಬೇಕು ಎಂದು ಹಟ. ಊರಿಗೆ ಊರೇ ಅವನ ಕಾಲಿಗೆ ಬೀಳುತ್ತದೆ. ಕುರ್ಚಿ ಸಣ್ಣದು. ಆದರೆ ವರ ಎಂಬ ಹೆಸರು ಹೊತ್ತ ಕೂಡಲೆ ಒಬ್ಬ ಸಾದಾ ಹುಡುಗನಿಗೆ ಕೇಳುವ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದನ್ನು ಇಷ್ಟು ಹಗುರವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಇವತ್ತು ಕುರ್ಚಿ ಕೊಟ್ಟವರು ನಾಳೆ ಬೈಕು ಕೊಡುತ್ತಾರೆ.

ಈಗ ಹೇಳುವ ಸರಣಿಯನ್ನು ನಾವು ಗುಂಪಿನಲ್ಲಿ ಹಾಕಿದಾಗ ಯಾರೂ ಮಾತಾಡಲಿಲ್ಲ. "ಕ್ರಿಮಿನಲ್ ಜಸ್ಟಿಸ್: ಬಿಹೈಂಡ್ ಕ್ಲೋಸ್ಡ್ ಡೋರ್ಸ್". 2020ರ ಡಿಸೆಂಬರಿನದು, ಹಾಟ್‌ಸ್ಟಾರ್‌ನಲ್ಲಿ ಬಂದದ್ದು. ಹೆಸರಾಂತ ವಕೀಲನನ್ನು ಅವನ ಹೆಂಡತಿಯೇ ಚಾಕುವಿನಿಂದ ಇರಿಯುತ್ತಾಳೆ. ನಾನೇ ಇರಿದೆ ಎಂದು ಒಪ್ಪುತ್ತಾಳೆ. ಯಾಕೆ ಎಂದರೆ ಬಾಯಿ ಬಿಡುವುದಿಲ್ಲ. ಕೀರ್ತಿ ಕುಲ್ಹಾರಿಯ ಆ ಮೌನವೇ ಇಡೀ ಕಥೆ. ಮಂಚದ ಮೇಲೆ ಗಂಡ ಬಲವಂತ ಮಾಡಿದರೆ ಅದಕ್ಕೆ ಏನು ಹೆಸರು ಎಂಬುದು ಅವಳಿಗೂ ಗೊತ್ತಿಲ್ಲ, ಹೇಳಿಕೊಳ್ಳಲು ಮಾತೂ ಇಲ್ಲ.

ನಮಗೂ ಮಾತಿಲ್ಲ. ಕಾನೂನಿನಲ್ಲೂ ಅರ್ಧ ಮಾತಿದೆ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಮಾಡಿದ್ದು ಅತ್ಯಾಚಾರವಲ್ಲ ಎಂಬ ವಿನಾಯಿತಿ ಹಳೆಯ ದಂಡ ಸಂಹಿತೆಯಲ್ಲಿತ್ತು. ಹೊಸದರಲ್ಲೂ ಉಳಿದಿದೆ. 2022ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಗಂಡನ ಮೇಲಿದ್ದ ಇಂಥ ಆರೋಪವನ್ನು ರದ್ದು ಮಾಡಲು ಒಪ್ಪಲಿಲ್ಲ. ಜುಲೈನಲ್ಲಿ ಸುಪ್ರೀಂ ಕೋರ್ಟು ಆ ವಿಚಾರಣೆಗೆ ತಡೆ ಕೊಟ್ಟಿತು. ಆದರೆ 2005ರ ಕಾಯ್ದೆಯಲ್ಲಿ ಹೊಡೆತ, ಬೈಗುಳ, ದುಡ್ಡು ಕೊಡದೆ ಕಾಡುವುದು, ಇವುಗಳ ಜೊತೆಗೆ ಲೈಂಗಿಕ ದೌರ್ಜನ್ಯವೂ ಸೇರಿದೆ. ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ, ಮಕ್ಕಳನ್ನು ತಮ್ಮ ಬಳಿ ಇಟ್ಟುಕೊಳ್ಳುವುದು, ಎಲ್ಲ ಕೇಳಬಹುದು. ಇದಕ್ಕೆ ರಕ್ಷಣಾಧಿಕಾರಿ ಯಾರು? ನಮಗೆಲ್ಲ ಅಂಗನವಾಡಿಯಿಂದ ಪರಿಚಯವಿರುವ ತಾಲೂಕಿನ ಸಿ.ಡಿ.ಪಿ.ಓ. ಅವರೇ. ಬೆಂಗಳೂರಿಗೆ ಹೋಗಬೇಕಿಲ್ಲ. 60 ದಿನದಲ್ಲಿ ಅರ್ಜಿ ತೀರ್ಮಾನಿಸಲು ನೋಡಬೇಕೆಂದು ಕಾಯ್ದೆ ಹೇಳುತ್ತದೆ. ಧಾರಾವಾಹಿಯ ಕೋರ್ಟಿನಲ್ಲಿ ಎರಡು ಕಂತಿಗೆ ತೀರ್ಪು ಬರುತ್ತದೆ, ನಿಜವಾದ ಕೋರ್ಟಿನಲ್ಲಿ 60 ದಿನವೂ ದಾಟಿ ಹೋಗುತ್ತದೆ. ಇದನ್ನು ಮೊದಲೇ ತಿಳಿದು ಹೋದರೆ ಎದೆಗುಂದುವುದಿಲ್ಲ.

ಇನ್ನೆರಡನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ನೆಟ್‌ಫ್ಲಿಕ್ಸ್‌ನ "ಡೆಲ್ಲಿ ಕ್ರೈಮ್" 2019ರದು, 2012ರ ದಿಲ್ಲಿಯ ಅತ್ಯಾಚಾರ ಪ್ರಕರಣದ ತನಿಖೆಯ ಮೇಲೆ ಮಾಡಿದ್ದು. 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಪಡೆಯಿತು. ಅತ್ಯಾಚಾರವನ್ನು ತೆರೆಯ ಮೇಲೆ ತೋರಿಸದೆ ಅದರ ಭಾರವನ್ನು ತೋರಿಸಿದ್ದಕ್ಕೆ ನಾನು ಅದನ್ನು ಮೆಚ್ಚುತ್ತೇನೆ. ಆದರೂ ಒಬ್ಬರೇ ರಾತ್ರಿ ಹೊತ್ತು ನೋಡಬೇಡಿ, ತಾವೇ ಅಂಥದ್ದನ್ನು ಕಂಡವರು ನೋಡದೆ ಇದ್ದರೂ ಏನೂ ಕಳೆದುಕೊಳ್ಳುವುದಿಲ್ಲ. "ಮೇಡ್ ಇನ್ ಹೆವನ್" ಶ್ರೀಮಂತರ ಮದುವೆಗಳ ಕಥೆ, ಬೆಡಗು ಜಾಸ್ತಿ. ಅದರ ಮೊದಲ ಸರಣಿಯಲ್ಲಿ ಗಂಡಿನ ಮನೆಯವರು ಗುಟ್ಟಾಗಿ ವರದಕ್ಷಿಣೆ ಕೇಳಿದ್ದು ತಿಳಿದು ವಧು ಎದ್ದು ಹೋಗುವ ಕಂತು ಒಂದಿದೆ. ನಿಮ್ಮ ಓದಿದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಅದೊಂದನ್ನು ತೋರಿಸಿ. ಓದು ಹೆಚ್ಚಾದಂತೆ ಹುಂಡಾ ಇಳಿಯುವುದಿಲ್ಲ, ಏರುತ್ತದೆ ಎಂಬುದು ನಮಗೇನು ಹೊಸದಲ್ಲ.

ಖರ್ಚಿನ ಮಾತು. ಎಲ್ಲ ಸೇವೆಗೂ ದುಡ್ಡು ಕಟ್ಟಬೇಡಿ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಮೊಬೈಲ್ ಮಾತ್ರದ ದರವನ್ನು ತಿಂಗಳಿಗೆ 149 ರೂಪಾಯಿಗೆ ಇಳಿಸಿತು. ಉಳಿದವು ರೀಚಾರ್ಜ್ ಪ್ಯಾಕಿನ ಜೊತೆಯೇ ಬರುವುದುಂಟು, ಅಂಗಡಿಯವನನ್ನು ಕೇಳಿ. ನಾವು ಮಾಡಿದ್ದು ಇಷ್ಟು: ಒಂದು ಸರಣಿ ಆರಿಸಿ, ಒಂದು ತಿಂಗಳಿಗೋ ಎರಡು ತಿಂಗಳಿಗೋ ಮಾತ್ರ ಕಟ್ಟಿ, ಹತ್ತು ಮಂದಿ ಹಂಚಿಕೊಂಡು, ಮುಗಿದ ಕೂಡಲೆ ನಿಲ್ಲಿಸಿದೆವು. ಸಂಘದ ಉಳಿತಾಯದ ದುಡ್ಡನ್ನು ಮುಟ್ಟಲಿಲ್ಲ. ಪುಸ್ತಕ ಬರೆಯುವವಳು ನಾನೇ, ಲೆಕ್ಕ ಕೇಳಿದರೆ ನಾನೇ ಉತ್ತರ ಕೊಡಬೇಕು.

ಇನ್ನೊಂದು ಮಾತು ಮೆಲ್ಲಗೆ ಹೇಳುತ್ತೇನೆ. ಗಂಡನ ಮೊಬೈಲಿನಲ್ಲಿ ಇಂಥದ್ದು ನೋಡಿದ್ದಕ್ಕೇ ನಮ್ಮಲ್ಲೊಬ್ಬಳು ಏಟು ತಿಂದಿದ್ದಾಳೆ. ಯಾರು ಏನು ನೋಡಿದರು ಎಂಬ ಪಟ್ಟಿ ಮೊಬೈಲಿನಲ್ಲಿ ಉಳಿಯುತ್ತದೆ. ಅದನ್ನು ಅಳಿಸಬಹುದು. ನಿಮ್ಮ ಮಗಳೋ, ಸಂಘದ ಚಿಕ್ಕ ಹುಡುಗಿಯೋ ಒಂದು ನಿಮಿಷದಲ್ಲಿ ತೋರಿಸಿಕೊಡುತ್ತಾಳೆ. ಮನೆಯಲ್ಲಿ ಅಂಜಿಕೆ ಇರುವವರು ಮನೆಯಲ್ಲಿ ನೋಡಬೇಡಿ, ಸಂಘದಲ್ಲಿ ನೋಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡನ್ನೂ "ತವರು" ಎಂದೋ "ಹಿಟ್ಟಿನ ಗಿರಣಿ" ಎಂದೋ ಬೇರೆ ಹೆಸರಿನಲ್ಲಿ ಉಳಿಸಿಕೊಂಡವರು ನಮ್ಮಲ್ಲಿದ್ದಾರೆ. ಕರೆ ಮಾಡಿದ ಗುರುತನ್ನೂ ಅಳಿಸಿ.

ಮೊನ್ನೆ ನಾನು ಈ ಭಾಷಣಕ್ಕೆ ಟಿಪ್ಪಣಿ ಬರೆಯುತ್ತಾ ಕೂತಾಗ ನನ್ನ ತಂಗಿ ಹೊಲಿಗೆ ಮಷಿನ್ನಿನ ಮೇಲಿಂದ ತಲೆ ಎತ್ತದೆ ಕೇಳಿದಳು. "ಯಕ್ಕಾ, ಆವತ್ತ ನೋಡತಿದ್ದಿವಲ್ಲ ಆ ಧಾರಾವಾಹಿ, ಅದರಾಗ ಆಕಿ ಕಡೀಕ ಏನಾದ್ಲು?" ನನಗೆ ನೆನಪಿಲ್ಲ. ನಡುವೆಯೇ ಬಿಟ್ಟೆ ಅಂದೆ. "ನಾನೂ ನಡುವ ಬಿಟ್ಟೆ" ಅಂದು ಮತ್ತೆ ಮಷಿನ್ ತುಳಿದಳು.

ಊಟಕ್ಕೆ ಕರೆಯುತ್ತಿದ್ದಾರೆ. ಊಟವಾದ ಮೇಲೆ ಆ ಬಿಳಿ ಗೋಡೆಯ ಮೇಲೆ ಪಂಚಾಯತಿನ ಕುರ್ಚಿಯ ಕಂತು ಹಾಕುತ್ತೇವೆ. ಹಿಂದಿ ಹಿಡಿಯದವರು ಮುಂದೆ ನನ್ನ ಪಕ್ಕದಲ್ಲಿ ಕೂಡಿ, ಸಣ್ಣಗೆ ಹೇಳುತ್ತಾ ಹೋಗುತ್ತೇನೆ. ಮುದ್ದೇಬಿಹಾಳ ಕಡೆಯವರು ಬಸ್ಸಿನ ಹೊತ್ತು ನೋಡಿಕೊಂಡು ಬಾಗಿಲ ಹತ್ತಿರ ಕೂಡಿ.